ಆ ಫೋನ್ ಯಾರದು?

ತಂಗೀ,

ನಿನ್ನ ಕಥೆ ಓದಿದೆ. ಜೊತೆಗಿಟ್ಟ ಕಾಗದವನ್ನೂ ಓದಿದೆ. ಕಥೆಗಿಂತ ಕಾಗದವೇ ಚೆನ್ನಾಗಿದೆ. ಬೇಜಾರಾಗಬೇಡ. ಕಾಗದದಲ್ಲಿ ನಿನಗೆ ಸಿಟ್ಟು ಬಂದಿದೆ, ಕಥೆಯಲ್ಲಿ ನೀನು ಬರೀ ಒಳ್ಳೆಯವಳಾಗಿದ್ದೀಯ.

ಕಥೆ ಎಷ್ಟು ಪುಟ ಇರಬೇಕು, ಯಾರಿಗೆ ಕಳಿಸಬೇಕು, ಮೊದಲ ಸಾಲು ಹೇಗಿರಬೇಕು ಅಂತೆಲ್ಲ ಕೇಳಿದ್ದೀಯ. ಅದನ್ನು ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ, ಅವರನ್ನು ಕೇಳು. ನನ್ನ ತಕರಾರು ಒಂದೇ. ನೀನು ಪೂರ್ತಿ ಕೇಳಿಸಿಕೊಂಡಿಲ್ಲ.

ನಿನ್ನ ಕಥೆ ನಡೆಯುವುದು ಒಂದು ಶೇರ್ ಟ್ಯಾಕ್ಸಿಯಲ್ಲಿ. ಮುಂದೆ ಕೂತ ನಿವೃತ್ತ ಯಜಮಾನರು ಕಾಲ ಕೆಟ್ಟುಹೋಯಿತು ಅನ್ನುತ್ತಾರೆ. ಹಿಂದೆ ಕೂತ ಹೆಂಗಸು ಆಸ್ಪತ್ರೆಯಲ್ಲಿ ಹೇಳೋರಿಲ್ಲ ಕೇಳೋರಿಲ್ಲ ಅನ್ನುತ್ತಾಳೆ. ಕಾಲೇಜು ಹುಡುಗ ಏನೇ ಆದರೂ ವಶೀಲಿ ಬೇಕು ಅನ್ನುತ್ತಾನೆ. ಕಿಟಕಿ ಪಕ್ಕದ ನಿನ್ನ ನಾಯಕಿ ಮಾತ್ರ ಬಾಯಿ ಬಿಡುವುದಿಲ್ಲ. ಸುಮ್ನೆ ಕೂತು ಮನಸ್ಸಿನಲ್ಲೇ ಎಲ್ಲರಿಗೂ ಮಾರ್ಕ್ಸ್ ಹಾಕುತ್ತಾಳೆ. ಎಲ್ಲರೂ ಫೇಲು, ಅವಳೊಬ್ಬಳೇ ಪಾಸು.

ಮೂರನೇ ಪುಟದಲ್ಲಿ ಒಂದು ಸಣ್ಣ ಸಾಲಿದೆ. 'ಈಗಿನ ಮಕ್ಕಳಿಗೆ ದೊಡ್ಡೋರು ಅಂದ್ರೆ ಲೆಕ್ಕಕ್ಕೇ ಇಲ್ಲ' ಅಂತ ಯಜಮಾನರು ಅನ್ನುವಾಗಲೇ ಅವರ ಫೋನ್ ಹೊಡೆದುಕೊಳ್ಳುತ್ತದೆ. ಅವರು ಯಾರು ಅಂತ ನೋಡಿ, ಫೋನನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡು ಮಾತು ಮುಂದುವರಿಸುತ್ತಾರೆ. ಓದುತ್ತಾ ನಾನು ನೆಟ್ಟಗೆ ಕೂತೆ. ನೀನೇನು ಮಾಡಿದೆ? ಮುಂದಿನ ಸಾಲಿಗೇ ತಲೆಮಾರುಗಳ ಬಗ್ಗೆ ಭಾಷಣ ಶುರು ಮಾಡಿದೆ. ಅಲ್ಲಮ್ಮಾ, ಆ ಫೋನ್ ಯಾರದು? ಮಗನದೇ? ಮಗನದಾದರೆ ಯಾಕೆ ಎತ್ತಲಿಲ್ಲ? ಸಾಲ ಕೊಟ್ಟವನದೇ? ಮತ್ತೆ ಹೊಡೆದುಕೊಂಡಿತೇ? ಆಗ ಅವರ ದನಿ ಏರಿತೋ, ಇಳಿಯಿತೋ? ಇದು ನೀನು ಕಣ್ಣಾರೆ ಕಂಡದ್ದು, ಗ್ಯಾರಂಟಿ. ಕೂತು ಹುಟ್ಟಿಸಿದ್ದರೆ ಇಷ್ಟು ಬೇಗ ಅದನ್ನು ದಾಟಿ ಹೋಗುತ್ತಿರಲಿಲ್ಲ.

ಬೆಳಗ್ಗೆ ಎದ್ದ ಕೂಡಲೇ ಇಡೀ ಸಮಾಜದ ಮೇಲೆ ಯಾರಿಗೂ ಸಿಟ್ಟು ಬರುವುದಿಲ್ಲ. ಎಲ್ಲೋ ಒಬ್ಬ ಗುಮಾಸ್ತ ಮುಖ ನೋಡದೆ ಮಾತಾಡಿರುತ್ತಾನೆ. ಮನೆಯಲ್ಲಿ ಒಂದು ವಿಷಯ ಇವರೊಬ್ಬರನ್ನು ಬಿಟ್ಟು ಎಲ್ಲರಿಗೂ ಗೊತ್ತಿರುತ್ತದೆ. ಅದನ್ನು ಹೇಳಿಕೊಳ್ಳಲು ನಾಚಿಕೆ. ಕಾಲ ಕೆಟ್ಟಿತು ಅನ್ನುವುದಕ್ಕೆ ಎಂಥ ನಾಚಿಕೆ?

ಹಾಗಂತ ದೂರೆಲ್ಲ ಬರೀ ಮನೆಜಗಳ ಅಂತ ನಾನು ಹೇಳುತ್ತಿಲ್ಲ. ಆಸ್ಪತ್ರೆಯ ಹೆಂಗಸಿನ ಮಾತು ಅಕ್ಷರಕ್ಷರ ನಿಜವಿರಬಹುದು. ಹಾಗಿದ್ದರೆ ಅವಳು ಎಷ್ಟು ಹೊತ್ತು ನಿಂತಳು, ಯಾವ ಕೌಂಟರಿನಿಂದ ಯಾವ ಕೌಂಟರಿಗೆ ಅಟ್ಟಿದರು, ಕೈಯಲ್ಲಿದ್ದ ಚೀಟಿ ಯಾರದು? ಅದು ಬಂದರೆ ವ್ಯವಸ್ಥೆಯನ್ನು ಬೈಯುವ ಕೆಲಸ ನಿನಗೆ ಉಳಿಯುವುದಿಲ್ಲ. ಓದಿದವರೇ ಬೈಯುತ್ತಾರೆ.

ಜರ್ಮನಿಯ ಸಮಾಜಶಾಸ್ತ್ರಜ್ಞ ಗಿಯೋರ್ಗ್ ಸಿಮ್ಮೆಲ್ 1908ರಲ್ಲೇ ಅಪರಿಚಿತರ ಬಗ್ಗೆ ಬರೆಯುತ್ತಾ ಒಂದು ಮಾತು ಗುರುತಿಸಿದ್ದ. ಹತ್ತಿರದವರಿಂದ ಬಚ್ಚಿಟ್ಟದ್ದನ್ನು ಜನ ಹೊರಗಿನವನ ಮುಂದೆ ಹೇಳಿಬಿಡುತ್ತಾರೆ. ಇಳಿದು ಹೋಗುವವರ ಹತ್ತಿರ ಮರ್ಯಾದೆಯ ಭಯ ಕಡಿಮೆ, ಅಲ್ವಾ? ಅದಕ್ಕೇ ಇಂಥ ಪ್ರಯಾಣದಲ್ಲಿ ನಿಜವಾದ ಮಾತು ಬೀಳುವುದು ಕೊನೆಗೆ. ಇಳಿಯುವ ಜಾಗ ಹತ್ತಿರ ಬಂದಾಗ, ಒಂದು ಕೈ ಬಾಗಿಲ ಮೇಲಿರುವಾಗ. ನಿನ್ನ ಕಥೆಯಲ್ಲಿ ಯಾರೂ ಇಳಿಯುವುದೇ ಇಲ್ಲ! ನಾಯಕಿಗೆ ಜ್ಞಾನೋದಯವಾದ ತಕ್ಷಣ ಕಥೆ ಮುಗಿಸಿಬಿಟ್ಟಿದ್ದೀಯ. ಗಾಡಿ ಇನ್ನೂ ಓಡುತ್ತಲೇ ಇದೆ.

ಮತ್ತೆ, ಯಾರಮ್ಮಾ ಹೀಗೆ ಮಾತಾಡುತ್ತಾರೆ? ನಿನ್ನ ಕಾಲೇಜು ಹುಡುಗ ಒಂದೇ ಉಸಿರಿಗೆ ಹನ್ನೊಂದು ಸಾಲು ಹೇಳುತ್ತಾನೆ, ಉಳಿದವರು ಕೈಕಟ್ಟಿ ಕೇಳುತ್ತಾರೆ. ಮಾತುಕತೆಯನ್ನೇ ಅಳೆದು ನೋಡಿದವರಿದ್ದಾರೆ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹತ್ತು ಭಾಷೆಗಳ ಮಾತನ್ನು ಹೋಲಿಸಿದ್ದರು. ಒಬ್ಬರ ಪ್ರಶ್ನೆ ಮುಗಿದು ಇನ್ನೊಬ್ಬರ ಉತ್ತರ ಶುರುವಾಗಲು ಸರಾಸರಿ ಸೆಕೆಂಡಿನ ಐದನೇ ಒಂದು ಭಾಗದಷ್ಟೇ ಹೊತ್ತು. ಅಂದರೆ ಎದುರಿನವರ ಮಾತು ಮುಗಿಯುವ ಮೊದಲೇ ನಮ್ಮದು ಬಾಯಲ್ಲಿ ರೆಡಿ ಇರುತ್ತದೆ. ದೂರಿನಲ್ಲಂತೂ ಕೇಳುವುದೇ ಬೇಡ. ಯಜಮಾನರ 'ಕಾಲ ಕೆಟ್ಟಿದೆ'ಗೆ ಹೆಂಗಸಿನ 'ಅಯ್ಯೋ, ನಮ್ಮದು ಕೇಳಿ' ಅಡ್ಡ ಬರಬೇಕು. ಅವರ ಮಾತು ತುಂಡಾಗಬೇಕು. ಅದು ಎಲ್ಲಿ ತುಂಡಾಯಿತು, ಆಮೇಲೆ ಅವರು ಅದನ್ನು ಮತ್ತೆ ಎತ್ತಿಕೊಂಡರೋ ಬಿಟ್ಟರೋ, ಅದನ್ನು ನೋಡು. ಗೇಲ್ ಜೆಫರ್ಸನ್ ಎಂಬ ಹೆಣ್ಣುಮಗಳು ಟೇಪ್ ಕೇಳಿ ಕೇಳಿ ಜನರ ನಗು, ಉಸಿರು, ತಡವರಿಕೆಗಳಿಗೆಲ್ಲ ಗುರುತು ಹಾಕಿ ಬರೆದಿಟ್ಟಳು. ಅವಳ ತಾಳ್ಮೆಯಲ್ಲಿ ಕಾಲು ಭಾಗ ಇದ್ದರೂ ನಮಗೆ ಸಾಕು.

ಹಾಗಾದರೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲಾ ಅಂತ ಕೇಳಿದ್ದೀಯ. ಕದ್ದು ಮಾಡುವುದಾದರೆ ಬೇಡ. ಜನರ ಮಾತನ್ನೇ ಬರೆದು 2015ರಲ್ಲಿ ನೊಬೆಲ್ ಪಡೆದ ಸ್ವೆಟ್ಲಾನಾ ಅಲೆಕ್ಸಿಯೇವಿಚ್ ರೆಕಾರ್ಡರ್ ಇಟ್ಟುಕೊಂಡೇ ಕೂರುತ್ತಿದ್ದರು ನಿಜ. ಆದರೆ ಎದುರು ಕೂತವರಿಗೆ ತಾವು ಯಾರ ಹತ್ತಿರ, ಯಾತಕ್ಕೆ ಮಾತಾಡುತ್ತಿದ್ದೇವೆ ಅಂತ ಗೊತ್ತಿತ್ತು. ಟ್ಯಾಕ್ಸಿಯಲ್ಲಿ ಕೂತವರಿಗೆ ನೀನು ಬರೆಯುವವಳು ಅಂತ ಗೊತ್ತಿಲ್ಲ. ಇಳಿದ ಮೇಲೆ ನೆನಪಿನಲ್ಲಿ ಉಳಿದದ್ದು ಬರೆದುಕೋ, ಉಳಿಯದ್ದು ಹೋಗಲಿ. ಗುರುತು ಸಿಗದ ಹಾಗೆ ಬದಲಿಸು.

ಇದರಲ್ಲಿ ನನಗೆ ಇಷ್ಟು ಹಟ ಯಾಕೆ ಅಂದರೆ, ಹಳೇ ಸಿಟ್ಟು. ನಾನು ಚಿಕ್ಕವನಿದ್ದಾಗ ಸೊಸೆಯನ್ನು ಬೈಯುತ್ತಾ ಪ್ರಯಾಣ ಮಾಡುವ ಮುದುಕಿಯ ಕಥೆ ಬರೆದಿದ್ದೆ. ಅವಳು ಮೊಣಕಾಲು ನೋವಿನಿಂದ ಶುರು ಮಾಡಿ, ಕಳೆದುಹೋದ ಕೊಡೆಗೆ ಹೋಗಿ, ಸೊಸೆಗೆ ಬಂದು, ಮತ್ತೆ ಕೊಡೆಗೇ ಹೋಗುತ್ತಿದ್ದಳು. ಒಬ್ಬ ಸಂಪಾದಕರು ಮೊಣಕಾಲು, ಕೊಡೆ ಎರಡನ್ನೂ ಹೊಡೆದುಹಾಕಿದರು. ಅವಳ ಬಾಯಲ್ಲಿ ಹೆಣ್ಣಿನ ಬದುಕಿನ ಬಗ್ಗೆ ಒಂದು ದೊಡ್ಡ ಮಾತು ಹಾಕಿಸಿ ಅಚ್ಚು ಮಾಡಿದರು. ಜನ ಮೆಚ್ಚಿದ್ದೇ ಆ ಮಾತನ್ನು! ಸಭೆಗಳಲ್ಲಿ ಈಗಲೂ ಯಾರಾದರೂ ಅದನ್ನೇ ಹೇಳಿ ನನ್ನನ್ನು ಹೊಗಳುತ್ತಾರೆ. ನಾನು ಕೈಮುಗಿಯುತ್ತೇನೆ, ಒಳಗೇ ಕುದಿಯುತ್ತೇನೆ. ನಿನ್ನ ಕಥೆಯಲ್ಲೂ ಹಾಗೆ ಅಡಿಗೆರೆ ಎಳೆಯುವಂಥ ಮಾತುಗಳು ಐದಾರಿವೆ. ಗೆಳತಿಯರು ಓದಿ ಆಹಾ ಅಂದಿರುತ್ತಾರೆ. ಮೊದಲು ಅವನ್ನು ತೆಗಿ.

ಡ್ರೈವರನ್ನು 'ಸಜ್ಜನ' ಅಂದಿದ್ದೀಯ. ಮಕ್ಕಳು ಕೆಟ್ಟರು ಅಂದವರಿಗೂ ಹೌದು ಅಂದ, ದೊಡ್ಡವರೇ ಕೆಡಿಸಿದರು ಅಂದವನಿಗೂ ಹೌದು ಅಂದ. ಇಳಿದ ಮೇಲೆ ಇವರೆಲ್ಲ ಮೊಬೈಲಿನಲ್ಲಿ ಅವನಿಗೆ ಸ್ಟಾರ್ ಕೊಡುವವರು ಕಣಮ್ಮಾ. ಹೌದು ಅನ್ನದೆ ಏನು ಮಾಡುತ್ತಾನೆ? ಆ ಗಾಡಿಯಲ್ಲಿ ಎಲ್ಲರಿಗಿಂತ ಜಾಸ್ತಿ ದೂರು ಅವನ ಹತ್ತಿರವೇ ಇದ್ದೀತು.

ಇನ್ನು ಆ ನಾಯಕಿ. ಅವಳಿಗೂ ಆ ದಿನ ಏನೋ ಆಗಿರಬೇಕಲ್ಲ? ಅವಳೂ ಒಂದು ಸಲ ಬಾಯಿಬಿಟ್ಟು ಗೊಣಗಲಿ. ಸಣ್ಣದಾದರೂ ಪರವಾಗಿಲ್ಲ, ಸಣ್ಣತನದ್ದಾದರೂ ಪರವಾಗಿಲ್ಲ. ಹುಡುಗನ ಮೊಣಕೈ ತಾಗುತ್ತಿದೆ ಅಂತಲೇ ಗೊಣಗಲಿ.

ಶೀರ್ಷಿಕೆ ಬದಲಿಸು. 'ಸಮಾಜದ ಕನ್ನಡಿ' ಅಂತ ಇಟ್ಟರೆ ನಾನಂತೂ ಪುಟ ತಿರುಗಿಸುತ್ತೇನೆ. ಸ್ಪರ್ಧೆಗೆ ಈ ಸಲ ಕಳಿಸಬೇಡ, ಅವಸರ ಏನಿದೆ? ಮಗುಚಿಟ್ಟ ಫೋನಿನಿಂದ ಶುರು ಮಾಡಿ ಮತ್ತೆ ಬರೆದು ನನಗೆ ಕಳಿಸು. ಅಕ್ಷರ ಸ್ವಲ್ಪ ದೊಡ್ಡದಿರಲಿ, ಈ ಸಲ ಓದುವಷ್ಟರಲ್ಲಿ ಕಣ್ಣು ಉರಿಯಿತು.

ನಿನ್ನ
ಅಣ್ಣ