ಮುರಿದ ಕೊಡೆಗಳ ಲೆಕ್ಕ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರ ನಿಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಒಬ್ಬ ಅಣ್ಣನ ಪ್ರಶ್ನೆ ಇತ್ತು. ತಂಗಿಗೆ ಮಾನಸಿಕ ಕಾಯಿಲೆ, ಮಾತ್ರೆ ನಡೆಯುತ್ತಿದೆ, ಮದುವೆ ಮಾಡಬಹುದಾ ಅಂತ. ಅದಕ್ಕೆ ಇನ್ನೊಬ್ಬ ಓದುಗರ ಉತ್ತರ: ‘ಮಾಡಿಬಿಡಿ, ಮದುವೆಯಾದ ಮೇಲೆ ತಾನಾಗಿ ಸರಿಹೋಗುತ್ತಾಳೆ. ಗಂಡಿನ ಕಡೆಯವರಿಗೆ ಎಲ್ಲಾ ಹೇಳಬೇಕು ಅಂತೇನಿಲ್ಲ.’ ಓದುತ್ತಾ ನನ್ನ ಚಹಾ ತಣ್ಣಗಾಯಿತು. ಅದಕ್ಕೇ ಈ ಪತ್ರ.

ನಾನು ಅಂಕೋಲೆಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟವ. ಅರ್ಜಿ, ಅಫಿಡವಿಟ್ಟು ಟೈಪ್ ಮಾಡಿಕೊಡುತ್ತೇನೆ. ನನ್ನ ತಂಗಿಗೆ ಸ್ಕಿಜೋಫ್ರೇನಿಯಾ. 22ಕ್ಕೆ ಶುರುವಾಯಿತು, ಈಗ ಅವಳಿಗೆ 41. ಅಪ್ಪ, ಆಯಿ ಇಬ್ಬರೂ ಹೋದರು. ಅಕ್ಕನಿಗೆ ಹೊನ್ನಾವರದಲ್ಲಿ ಅವಳ ಸಂಸಾರ. ಮನೆಯಲ್ಲಿ ಉಳಿದವರು ನಾವಿಬ್ಬರು.

ಈಚೆಗೆ ಅಕ್ಕನ ಮಗ ಬೆಂಗಳೂರಿನಿಂದ ಬಂದವ ಲ್ಯಾಪ್‌ಟಾಪಿನಲ್ಲಿ ಒಂದು ಹಳೇ ಇಂಗ್ಲಿಷ್ ಸಿನಿಮಾ ಹಾಕಿದ. ‘ಬೆನ್ನಿ ಆ್ಯಂಡ್ ಜೂನ್’, 1993ರದ್ದು. ಅಮೆರಿಕದ ಸ್ಪೋಕೇನ್ ಅನ್ನುವ ಊರಿನ ಕಥೆ. ಅಪ್ಪ ಅಮ್ಮ ಇಲ್ಲ. ಅಣ್ಣ ಬೆನ್ನಿಗೆ ಕಾರು ರಿಪೇರಿ ಗ್ಯಾರೇಜು. ತಂಗಿ ಜೂನ್ ಚಿತ್ರ ಬರೆಯುತ್ತಾಳೆ, ಕಾಯಿಲೆಗೆ ಹೆಸರು ಹೇಳುವುದಿಲ್ಲ. ನೋಡಿಕೊಳ್ಳಲು ಬಂದ ಹೆಂಗಸು ಕೆಲಸ ಬಿಟ್ಟು ಹೋಗುತ್ತಾಳೆ. ಆಮೇಲೆ ತಂಗಿ ಇಸ್ಪೀಟಿನಲ್ಲಿ ಸೋತು, ಪಣದಂತೆ ಸ್ಯಾಮ್ ಅನ್ನುವ ಒಬ್ಬ ವಿಚಿತ್ರ ಮನುಷ್ಯನನ್ನು ಮನೆಗೆ ಕರೆದುಕೊಳ್ಳಬೇಕಾಗುತ್ತದೆ! ಅವ ಬಟ್ಟೆಯ ಇಸ್ತ್ರಿಪೆಟ್ಟಿಗೆಯಲ್ಲಿ ಬ್ರೆಡ್ಡು, ಚೀಸು ಸುಡುತ್ತಾನೆ. ಎರಡು ಬನ್ನಿಗೆ ಫೋರ್ಕ್ ಚುಚ್ಚಿ ಮೇಜಿನ ಮೇಲೆ ಕುಣಿಸುತ್ತಾನೆ. ನಮ್ಮ ಯಕ್ಷಗಾನ ಆಟದ ಹಾಸ್ಯಗಾರ ಬೆಳಗಾದರೂ ವೇಷ ಬಿಚ್ಚದೆ ಮನೆಗೇ ಬಂದು ಕೂತ ಹಾಗೆ.

ಅಕ್ಕನ ಮಗನಿಗೆ ಅದು ಪ್ರೇಮಕಥೆ. ನನ್ನ ಕಣ್ಣು ಗ್ಯಾರೇಜಿನವನ ಮೇಲೇ ಇತ್ತು. ಅವನಿಗೂ ಒಬ್ಬಳು ಇಷ್ಟವಾಗುತ್ತಾಳೆ, ಆದರೆ ಮುಂದೆ ಹೋಗಲು ಹಿಂಜರಿಯುತ್ತಾನೆ. ಮನೆಯಲ್ಲಿ ತಂಗಿ ಇದ್ದಾಳಲ್ಲ. ತಂಗಿಗೂ ಸ್ಯಾಮ್‌ಗೂ ಪ್ರೀತಿ ಅಂತ ಗೊತ್ತಾದ ದಿನ ಬೆನ್ನಿ ಕೂಗಾಡಿ ಅವನನ್ನು ಹೊರಗಟ್ಟುತ್ತಾನೆ. ಅಲ್ಲಿ ನಾನು ಎದ್ದು, ನೀರು ಕುಡಿಯುವ ನೆವ ಮಾಡಿ ಒಳಗೆ ಹೋದೆ.

ಯಾಕೆ ಅಂತ ಹೇಳುತ್ತೇನೆ. ಅದಕ್ಕೂ ಮೊದಲು, ‘ತಾನಾಗಿ ಸರಿಹೋಗುವ’ ವಿಷಯ.

ನಮ್ಮ ಕಡೆ ಯಾರಾದರೂ ಏನಾದರೂ ಹುಚ್ಚುಚ್ಚಾಗಿ ಮಾತಾಡಿದರೆ ‘ಇವನನ್ನ ಧಾರವಾಡಕ್ಕೆ ಬಿಟ್ಟು ಬರ್ಬೇಕು’ ಅಂತ ನಗುತ್ತಾರೆ. 1845ರಲ್ಲಿ ಶುರುವಾದ ಮಾನಸಿಕ ಆಸ್ಪತ್ರೆ ಅಲ್ಲಿದೆ, ಅದಕ್ಕೆ. ನಾವು ನಿಜವಾಗಿಯೂ ಧಾರವಾಡದ ಬಸ್ಸು ಹತ್ತಿದವರು. ಅರಬೈಲ್ ಘಟ್ಟದ ತಿರುವಿನಲ್ಲಿ ಅವಳಿಗೆ ವಾಂತಿ, ನನ್ನ ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಒಂದೆರಡು ಮಾತ್ರೆ ಹಿಡಿಸಲಿಲ್ಲ, ಕೊನೆಗೆ ಕ್ಲೋಜಪಿನ್ ಹಿಡಿಸಿತು. ಅದಕ್ಕೆ ಮೊದಲ 18 ವಾರ, ವಾರ ವಾರವೂ ರಕ್ತ ಪರೀಕ್ಷೆ. ಬಿಳಿ ರಕ್ತಕಣ ಇಳಿಯುತ್ತದಾ ಅಂತ ನೋಡಬೇಕು. ಆಮೇಲೆ ತಿಂಗಳಿಗೊಮ್ಮೆ. ರಾತ್ರಿ ಬಾಯಿಂದ ನೀರು ಸುರಿಯುತ್ತದೆ, ದಿಂಬಿನ ಮೇಲೆ ಟವೆಲ್ ಹಾಸಬೇಕು. ಬೆಳಿಗ್ಗೆ ಆ ಟವೆಲ್ ಒಗೆದು ಹಿತ್ತಿಲ ತಂತಿಗೆ ಹಾಕಿದರೆ ನಮ್ಮ ಮನೆಯ ದಿನ ಶುರು. ಇದೆಲ್ಲಾ ಇದ್ದೂ ಅವಳು ಈಗ ಅಂಗಡಿಯಲ್ಲಿ ನನಗಿಂತ ಚೆನ್ನಾಗಿ ಪುಟ ಜೋಡಿಸುತ್ತಾಳೆ. ತಾಳಿ ಕಟ್ಟಿದರೆ ಇದೆಲ್ಲಾ ತಾನಾಗಿ ಆಗುತ್ತಿತ್ತಾ? ಸಿನಿಮಾದಲ್ಲಿಯೂ ಪ್ರೀತಿಯಿಂದ ಕಾಯಿಲೆ ಹೋಗುವುದಿಲ್ಲ. ಸ್ಯಾಮ್ ಜೊತೆ ಓಡಿ ಹೊರಟವಳಿಗೆ ಬಸ್ಸಿನಲ್ಲೇ ಕೆರಳಿ, ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ. ಕಥೆ ಬರೆದವರು ಅಷ್ಟು ಪ್ರಾಮಾಣಿಕರು.

ಈಗ ಕೊಡೆಯ ವಿಷಯ.

ನನ್ನ ಅಂಗಡಿ ಜಗಲಿಯಲ್ಲಿ ಮಳೆಗಾಲಕ್ಕೆ ಒಬ್ಬ ಕೊಡೆ ರಿಪೇರಿಯವ ಕೂರುತ್ತಿದ್ದ. ನಲವತ್ತೈದರ ಹತ್ತಿರದವ, ಒಂಟಿ. ರಿಪೇರಿಯಾದ ಕೊಡೆಯನ್ನು ಪಟ್ಟನೆ ಬಿಚ್ಚಿ, ಅದರ ಹಿಂದೆ ಮುಖ ಮರೆಸಿಕೊಂಡು, ಬಾಯಲ್ಲೇ ಚಂಡೆ ಬಾರಿಸುತ್ತಾ ತೆರೆ ಒಡ್ಡೋಲಗದ ವೇಷದ ಹಾಗೆ ಮೆಲ್ಲಗೆ ಇಣುಕುತ್ತಿದ್ದ. ಒಂದು ಮಧ್ಯಾಹ್ನ ತಂಗಿ ನಗುವುದು ಕೇಳಿಸಿ ಮಷಿನ್ ನಿಲ್ಲಿಸಿದೆ. ಅವಳು ಒಬ್ಬಳೇ ನಗುತ್ತಿದ್ದರೆ ನಮಗೆ ಎದೆ ಧಸಕ್ ಅನ್ನುತ್ತದೆ, ಮಾತ್ರೆ ತಪ್ಪಿತಾ ಅಂತ. ಹೊರಗೆ ಬಂದು ನೋಡಿದರೆ ನಗುತ್ತಿದ್ದವರು ಇಬ್ಬರು.

ಆಮೇಲೆ ನಮ್ಮ ಮನೆಯ ಕೊಡೆಗಳು ಒಂದೊಂದಾಗಿ ಮುರಿಯತೊಡಗಿದವು. ಮೊದಲನೆಯದು ಗಾಳಿಗೆ ಅಂದುಕೊಂಡೆ. ಎರಡನೆಯದು ಹೊಸದು, ಅಂಗಡಿಯ ಚೀಟಿ ಕೂಡ ಕಿತ್ತಿರಲಿಲ್ಲ. ಮೂರನೆಯದನ್ನು ಅವಳು ಬಚ್ಚಲು ಕಲ್ಲಿನ ಮೇಲಿಟ್ಟು ಕಡ್ಡಿ ಬಗ್ಗಿಸುವಾಗ ನೋಡಿದೆ. ನನ್ನನ್ನು ಕಂಡು ‘ಅಣ್ಣಾ, ಇದು ಮುರಿದಿದೆ’ ಅಂದಳು. ಇನ್ನೂ ಮುರಿದಿರಲಿಲ್ಲ.

ನಾನು ಬೆನ್ನಿಯಾದೆ. ‘ಜಗಲಿ ಸೋರುತ್ತದೆ, ಬೇರೆ ಕಡೆ ಕೂತ್ಕೋ’ ಅಂದೆ ಅವನಿಗೆ. ಅವ ಜಗಲಿಯ ಮಾಡು ನೋಡಿದ, ನನ್ನನ್ನು ನೋಡಿದ. ಕೊನೆಗೆ ನಾನೇ ಬಾಯಿಬಿಟ್ಟೆ, ‘ನೋಡು ಮಾರಾಯ, ಅವಳಿಗೆ ತಲೆ ಸರಿ ಇಲ್ಲ.’ ಅವ ಸೂಜಿ ದಾರ ಡಬ್ಬಿಗೆ ಹಾಕುತ್ತಾ ಅಂದ, ‘ಗೊತ್ತು. ಅವರೇ ಹೇಳಿದ್ದಾರೆ. ಮಾತ್ರೆ ಹೆಸರು ಸಮೇತ.’

ನಿಮ್ಮ ಓದುಗರು ಮುಚ್ಚಿಡಿ ಅಂದದ್ದನ್ನು ನನ್ನ ತಂಗಿ ಯಾರೂ ಕೇಳದೆಯೇ ಹೇಳಿದ್ದಳು. ನಾನು, ಕೋರ್ಟಿನ ಕಾಗದ ಟೈಪ್ ಮಾಡುವವ, ಮಾಡು ಸೋರುತ್ತದೆ ಅಂತ ಸುಳ್ಳು ಹೇಳಿದ್ದೆ.

ಮುಚ್ಚಿಟ್ಟ ಮದುವೆಗಳ ಕಾಗದ ನನ್ನ ಮಷಿನಿನಲ್ಲೇ ಹಾದುಹೋಗಿವೆ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ, ಮುಖ್ಯ ಸಂಗತಿ ಮುಚ್ಚಿಟ್ಟು ಮೋಸದಿಂದ ಒಪ್ಪಿಗೆ ಪಡೆದಿದ್ದರೆ ಮದುವೆ ರದ್ದು ಮಾಡಿ ಅಂತ ಕೇಳಲು ದಾರಿ ಇದೆ. ಹಾಗಂತ ಕಾಯಿಲೆಯ ಹೆಸರು ಇದ್ದ ಮಾತ್ರಕ್ಕೆ ಮದುವೆ ಮುರಿಯುವುದಿಲ್ಲ, 1988ರಲ್ಲೇ ಸುಪ್ರೀಂ ಕೋರ್ಟು ಅದನ್ನು ಹೇಳಿದೆ. ಕಾಯಿಲೆ ಎಷ್ಟರಮಟ್ಟಿಗಿದೆ ಅನ್ನುವುದನ್ನು ನೋಡಬೇಕು. ಆದರೆ ಮುಚ್ಚಿಟ್ಟವರ ಮನೆಯಲ್ಲಿ ಕೋರ್ಟಿಗಿಂತ ಮೊದಲು ನಿಲ್ಲುವುದು ಮಾತ್ರೆ. ಅತ್ತೆ ನೋಡುತ್ತಾಳೆ ಅಂತ ಹುಡುಗಿ ನುಂಗುವುದನ್ನು ಬಿಡುತ್ತಾಳೆ. ಮುಂದಿನದು ಗೊತ್ತಲ್ಲ.

ಅವ ಹೋದ ಮೇಲೆ ತಂಗಿ ಜಗಳ ಆಡಲಿಲ್ಲ. ಊಟಕ್ಕೆ ನನ್ನ ಜೊತೆ ಕೂರುವುದನ್ನು ಬಿಟ್ಟಳು, ಅಷ್ಟೇ. ಒಂದು ರಾತ್ರಿ ನಿದ್ದೆ ಬಾರದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಆ ಕಡೆಯ ಹುಡುಗಿ ‘ರೋಗಿ ಯಾರು ಸರ್?’ ಅಂದಳು. ‘ರೋಗಿ ಚೆನ್ನಾಗಿ ನಿದ್ದೆ ಮಾಡ್ತಿದ್ದಾಳೆ, ಎದ್ದು ಕೂತವ ನಾನು’ ಅಂದೆ. ಅರ್ಧ ತಾಸು ಮಾತಾಡಿದಳು. ನನ್ನ ಬಗ್ಗೆಯೇ ಜಾಸ್ತಿ.

ಅದಾದ ಮೇಲೆ ನಾವಿಬ್ಬರೂ ಕೂತು ಒಂದು ಕೆಲಸ ಮಾಡಿದೆವು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ತನ್ನ ಪರವಾಗಿ ಯಾರು ನಿಲ್ಲಬೇಕು ಅಂತ ಕಾಯಿಲೆ ಇರುವವರೇ ಬರೆದಿಡಬಹುದು. ಬಿಳಿ ಹಾಳೆ ಸಾಕು, ಸಹಿ ಇಲ್ಲವೇ ಹೆಬ್ಬೆಟ್ಟು ಇದ್ದರಾಯಿತು. ವರ್ಷಗಟ್ಟಲೆ ಬಾಂಡ್ ಪೇಪರಿನ ಮೇಲೆ ಟೈಪ್ ಮಾಡಿದವನಿಗೆ ಇದು ಸ್ವಲ್ಪ ಬೇಜಾರಿನ ಸಂಗತಿಯೇ. ತಂಗಿ ನನ್ನ ಹೆಸರು ಬರೆದಳು. ಸಹಿ ಮಾಡಿ, ಪೆನ್ನಿನ ಕ್ಯಾಪ್ ಹಾಕುತ್ತಾ ಕೇಳಿದಳು, ‘ಬೇಕಾದ್ರೆ ಆಮೇಲೆ ಬದ್ಲಾಯಿಸಬಹುದು, ಅಲ್ವಾ?’

ಬದಲಾಯಿಸಬಹುದು. ಕಾಯ್ದೆಯಲ್ಲೇ ಹಾಗಿದೆ.

ಆ ಪ್ರಶ್ನೆ ಕೇಳಿದ ಅಣ್ಣನಿಗೆ ನನ್ನಿಂದ ಇಷ್ಟು ತಿಳಿಸಿ: ಮದುವೆ ಮಾಡಬಹುದಾ ಅಂತ ಪತ್ರಿಕೆಗೆ ಬರೆಯುವ ಮೊದಲು ತಂಗಿಯನ್ನು ಕೇಳಿದಿರಾ? ನಾನಂತೂ ಕೇಳಿರಲಿಲ್ಲ. ಈ ಮಳೆಗಾಲ ಕೊಡೆಯವನಿಗೆ ಜಗಲಿಗೆ ಬಾ ಅಂದಿದ್ದೇನೆ. ಬಂದಿದ್ದಾನೆ. ಮುಂದೆ ಏನು ಅಂತ ಅವರಿಬ್ಬರೂ ನನಗೆ ಹೇಳಿಲ್ಲ.

ಪತ್ರವನ್ನು ಕಳಿಸುವ ಮೊದಲು ತಂಗಿಗೆ ಓದಿ ಹೇಳಿದೆ. ದಿಂಬಿನ ಟವೆಲ್ ತೆಗಿ ಅಂದಳು, ಆಮೇಲೆ ಇರಲಿ ಬಿಡು ಅಂದಳು. ಒಂದು ತಿದ್ದುಪಡಿ ಮಾತ್ರ ಹಾಕಲೇಬೇಕಂತೆ: ಮುರಿದ ಕೊಡೆ ಮೂರಲ್ಲ, ನಾಲ್ಕು.

ಇತಿ,
ಒಬ್ಬ ಝೆರಾಕ್ಸ್ ಅಂಗಡಿಯವ, ಅಂಕೋಲಾ