ತೂಕ ಹೆಚ್ಚಿದಷ್ಟೂ ರಿಯಾಯಿತಿಯೇ?

ಮಾನ್ಯರೇ,

ದೇಶದಲ್ಲಿ ಕಾರುಗಳ ಇಂಧನ ದಕ್ಷತೆಯ ಮಾನದಂಡ 2017–18ರಲ್ಲಿ ಜಾರಿಗೆ ಬಂದಾಗ ಇಂಗಾಲದ ಡೈಆಕ್ಸೈಡ್‌ನ ಸರಾಸರಿ ಮಿತಿ ಕಿಲೊಮೀಟರಿಗೆ 130 ಗ್ರಾಂ ಇತ್ತು. 2022–23ರಿಂದ ಅದು 113ಕ್ಕೆ ಇಳಿಯಿತು. ಸಂತೋಷ. ಆದರೆ ಪ್ರತಿ ಕಂಪನಿಯ ಮಿತಿಯನ್ನು ಅದು ಮಾರುವ ಕಾರುಗಳ ಸರಾಸರಿ ತೂಕ ನೋಡಿ ನಿಗದಿಪಡಿಸುತ್ತಾರೆ. ಭಾರ ಹೆಚ್ಚಿದಷ್ಟೂ ಮಿತಿ ಸಡಿಲ. ಒಬ್ಬರೇ ಕುಳಿತು ತರಕಾರಿ ತರಲು ಹೋಗುವ ಎರಡು ಟನ್ನಿನ ಎಸ್‌ಯುವಿಗೆ ರಿಯಾಯಿತಿ ಎಂದರೆ ಇದೆಂಥ ನ್ಯಾಯ? ಸಾಲದ್ದಕ್ಕೆ, ಮಾರಿದ ಒಂದು ವಿದ್ಯುತ್ ಕಾರನ್ನು ಲೆಕ್ಕದಲ್ಲಿ ಮೂರು ಎಂದು ಎಣಿಸುತ್ತಾರೆ. ಹೊಗೆ ಇಳಿಯುವುದು ಕಡತದಲ್ಲಿ!

2027ರ ಏಪ್ರಿಲ್‌ನಿಂದ ಜಾರಿಗೆ ತರಲು ಉದ್ದೇಶಿಸಿರುವ ಮೂರನೇ ಹಂತದಲ್ಲಾದರೂ ಈ ಎರಡು ಸಡಿಲಿಕೆಗಳನ್ನು ಬಿಗಿಗೊಳಿಸಲಿ. ಯಾವ ಕಂಪನಿ ಗುರಿ ತಪ್ಪಿತು ಎಂಬುದನ್ನು ಪ್ರತಿವರ್ಷ ತಡಮಾಡದೆ ಪ್ರಕಟಿಸಲಿ.

– ಓದುಗ, ತುಮಕೂರು