ಸಿಮ್ಯುಲೇಟರ್ ಕಲಿಕೆಯ ಪರೀಕ್ಷೆ ವಿಮಾನದಲ್ಲೇ ನಡೆಯಲಿ

ಮಾನ್ಯ ಸಂಪಾದಕರೇ,

ಯುದ್ಧವಿಮಾನ ಪೈಲಟ್‌ಗಳ ತರಬೇತಿಯಲ್ಲಿ ಸಿಮ್ಯುಲೇಟರಿನ ಪಾಲು ಹೆಚ್ಚುತ್ತಿದೆ ಎಂಬ ಸುದ್ದಿ ಬಂದಾಗಲೆಲ್ಲ ಅದರಲ್ಲಿ ಎರಡು ಲೆಕ್ಕ ಇದ್ದೇ ಇರುತ್ತದೆ: ಹಾರಾಟದ ಗಂಟೆ ಎಷ್ಟು ಉಳಿಯಿತು, ಖರ್ಚು ಎಷ್ಟು ತಗ್ಗಿತು. ಹಾಗೆ ಕಲಿತವರು ಆಮೇಲೆ ವಿಮಾನದಲ್ಲಿ ಕೂತು ಏನು ಮಾಡಿದರು ಎಂಬ ಲೆಕ್ಕ ಸಿಗುವುದು ಅಪರೂಪ. ಅದಿಲ್ಲದೆ ಮೊದಲಿನ ಎರಡಕ್ಕೂ ಬೆಲೆಯಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ಈ ಮೂರನೆಯ ಲೆಕ್ಕ ತೆಗೆಯುವುದು ಹೇಗೆ, ತೆಗೆಯಹೊರಟವರು ಎಲ್ಲಿ ಎಡವುತ್ತಾರೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

ಮಿಶ್ರ ತರಬೇತಿಯಲ್ಲಿ ಮೂರು ಎಳೆಗಳಿವೆ. ಆಕಾಶದಲ್ಲಿ ನಿಜ ವಿಮಾನ ಹಾರಿಸುವ ಪೈಲಟ್ ಒಂದು. ನೆಲದ ಮೇಲೆ ಸಿಮ್ಯುಲೇಟರಿನಲ್ಲಿ ಕೂತು ಅದೇ ಕಾಳಗಕ್ಕೆ ಇಳಿಯುವ ಪೈಲಟ್ ಇನ್ನೊಂದು. ಕಂಪ್ಯೂಟರೇ ನಡೆಸುವ ಶತ್ರುವಿಮಾನ, ರೇಡಾರ್, ಕ್ಷಿಪಣಿ ನೆಲೆಗಳು ಮೂರನೆಯದು. ಇವನ್ನು ಡೇಟಾ ಲಿಂಕ್, ಅಂದರೆ ಮಾಹಿತಿ ಸಾಗಿಸುವ ರೇಡಿಯೊ ಜಾಲ, ಹೆಣೆಯುತ್ತದೆ. ಇಟಲಿಯ ಎಂ-346 ತರಬೇತಿ ಮಾದರಿ, ಬ್ರಿಟನ್ನಿನ ಹಾಕ್ ಟಿ2 ಇವುಗಳಲ್ಲಿ ರೇಡಾರ್ ಇಲ್ಲ. ಕಾಕ್‌ಪಿಟ್ ಪರದೆಯಲ್ಲಿ ಕಾಣುವ ರೇಡಾರ್ ಚಿತ್ರ ಕಂಪ್ಯೂಟರ್ ಹುಟ್ಟಿಸಿದ್ದು. ಅಮೆರಿಕದ ನೆಲ್ಲಿಸ್ ವಾಯುನೆಲೆಯಲ್ಲಿ 2018ರಲ್ಲಿ ಎಫ್-15ಇ ಮುಂತಾದ ಯುದ್ಧವಿಮಾನಗಳಲ್ಲೂ ಇಂಥ ಜೋಡಣೆಯನ್ನು ಪ್ರಯೋಗಿಸಿ ನೋಡಿದ್ದಾರೆ.

ಅಳತೆಯ ಮೂಲ ಸೂತ್ರ ಹಳೆಯದೇ. ಇಲಿನಾಯ್ ವಿಶ್ವವಿದ್ಯಾಲಯದ ಸ್ಟ್ಯಾನ್ಲಿ ರಾಸ್ಕೋ ಅದನ್ನು 1971ರಲ್ಲೇ ಮುಂದಿಟ್ಟರು. ಒಂದು ಗುಂಪು ಒಂದು ಕೌಶಲವನ್ನು ವಿಮಾನದಲ್ಲೇ ಕಲಿಯಬೇಕು, ಇನ್ನೊಂದು ಮೊದಲು ಸಿಮ್ಯುಲೇಟರಿನಲ್ಲಿ ಕಲಿತು ಆಮೇಲೆ ವಿಮಾನ ಹತ್ತಬೇಕು. ಎರಡೂ ಗುಂಪು ಒಂದೇ ಮಟ್ಟ ಮುಟ್ಟುವವರೆಗೆ ಹಾರಿಸಬೇಕು. ಮೊದಲನೆಯದಕ್ಕೆ 10 ಗಂಟೆ ಹಾರಾಟ ಬೇಕಾಯಿತು, 5 ಗಂಟೆ ಸಿಮ್ಯುಲೇಟರಿನಲ್ಲಿ ಕಳೆದ ಗುಂಪಿಗೆ 7 ಗಂಟೆ ಸಾಕಾಯಿತು ಎನ್ನೋಣ. ಉಳಿದ 3 ಗಂಟೆಯನ್ನು 5ರಿಂದ ಭಾಗಿಸಿದರೆ ಅನುಪಾತ 0.6. ಸಿಮ್ಯುಲೇಟರಿನ ಒಂದು ಗಂಟೆಗೆ ಹಾರಾಟದ ಗಂಟೆಯ ಹತ್ತರಲ್ಲೊಂದು ಪಾಲು ಖರ್ಚಾಗುವುದಾದರೆ ಈ ಅನುಪಾತ 0.1ಕ್ಕಿಂತ ಮೇಲಿರುವ ತನಕ ಲಾಭವೇ. ಆದರೆ ಮುಂದಿನ ಗಂಟೆಗಳು ಮೊದಲಿನಷ್ಟು ಕೊಡುವುದಿಲ್ಲ. ಇನ್ನೂ 5 ಗಂಟೆ ಸೇರಿಸಿದಾಗ ಉಳಿದದ್ದು 1 ಗಂಟೆ ಹಾರಾಟ ಮಾತ್ರವಾದರೆ ಆ ಕಂತಿನ ಅನುಪಾತ 0.2. ವರದಿಯಲ್ಲಿ ಎರಡೂ ಕಂತು ಸೇರಿಸಿ 0.4 ಎಂದು ಬರೆದರೆ ಈ ಇಳಿತ ಮುಚ್ಚಿಹೋಗುತ್ತದೆ. ಕಂತುಕಂತಾಗಿ ಅಳೆದು, ಅನುಪಾತ ಖರ್ಚಿನ ಗೆರೆಗಿಂತ ಕೆಳಗಿಳಿಯುವ ಕಡೆ ನಿಲ್ಲಿಸಬೇಕು. ಪಠ್ಯಕ್ರಮದಲ್ಲಿ ಹಾರಾಟ 7 ಗಂಟೆ ಎಂದು ಮೊದಲೇ ಗೆರೆ ಎಳೆದು, ಕೊನೆಗೆ 3 ಗಂಟೆ ಉಳಿಯಿತು ಎಂದು ಘೋಷಿಸುವುದು ಅಳತೆಯೇ ಅಲ್ಲ. ಅಲ್ಲಿ ಯಾರು ಯಾವ ಮಟ್ಟ ಮುಟ್ಟಿದರು ಎಂದು ಯಾರೂ ನೋಡಿರುವುದಿಲ್ಲ.

ಇಡೀ ಕೋರ್ಸಿಗೆ ಒಂದೇ ಅನುಪಾತ ಕೊಡುವುದೂ ತಪ್ಪು. ಕೌಶಲ ಒಂದೊಂದಕ್ಕೂ ಉತ್ತರ ಬೇರೆ. 1934ರಲ್ಲಿ ಅಮೆರಿಕದ ಸೇನಾ ವಿಮಾನದಳ ಅಂಚೆ ಸಾಗಿಸಲು ಹೋಗಿ, ಕೆಟ್ಟ ಹವೆಯಲ್ಲಿ ಉಪಕರಣ ನೋಡಿ ಹಾರಲು ಬಾರದೆ ಹಲವು ಪೈಲಟ್‌ಗಳನ್ನು ಕಳೆದುಕೊಂಡಿತು. ಆ ಮೇಲೆ ಎಡ್ವಿನ್ ಲಿಂಕ್ ರೂಪಿಸಿದ, ಇಂದಿನ ಸಿಮ್ಯುಲೇಟರಿನ ಪೂರ್ವಜರಾದ 6 ತರಬೇತಿ ಯಂತ್ರಗಳನ್ನು ಕೊಂಡಿತು. ಹೊರಗೆ ನೋಡದೆ ಸೂಜಿಗಳನ್ನೇ ನಂಬಿ ಹಾರುವುದನ್ನು ಕಲಿಸಲು ಆ ಯಂತ್ರ ಹೇಳಿ ಮಾಡಿಸಿದಂತಿತ್ತು, ಏಕೆಂದರೆ ಆ ಕೌಶಲಕ್ಕೆ ಹೊರಗಿನ ನೋಟವೇ ಬೇಡ. ಇವತ್ತಿಗೂ ತುರ್ತು ಚೆಕ್‌ಲಿಸ್ಟ್, ರೇಡಾರ್ ಮತ್ತು ಆಯುಧದ ಸ್ವಿಚ್‌ಗಳ ಕ್ರಮ, ರೇಡಿಯೊ ಮಾತು, ದೂರದ ಕ್ಷಿಪಣಿ ಕಾಳಗದ ಲೆಕ್ಕಾಚಾರ ಇವೆಲ್ಲ ಸಿಮ್ಯುಲೇಟರಿನಿಂದ ವಿಮಾನಕ್ಕೆ ಚೆನ್ನಾಗಿ ದಾಟುತ್ತವೆ. ಒತ್ತೊತ್ತಾಗಿ ಜೊತೆ ಹಾರುವುದು, ಸಮೀಪದ ಕಾಳಗ, ಬರಿಗಣ್ಣಿನಲ್ಲಿ ಶತ್ರುವನ್ನು ಹುಡುಕುವುದು ಅಷ್ಟು ಸುಲಭವಾಗಿ ದಾಟುವುದಿಲ್ಲ.

ದಾಟದಿರುವುದಕ್ಕಿಂತ ಕೆಟ್ಟದ್ದು ತಪ್ಪಾಗಿ ದಾಟುವುದು. ಚೂಪಾದ ತಿರುವಿನಲ್ಲಿ ಮೈಮೇಲೆ ಬೀಳುವ ಜಿ ಒತ್ತಡವನ್ನೇ ತೆಗೆದುಕೊಳ್ಳಿ; 8 ಜಿ ಎಂದರೆ ಎಲ್ಲದರ ತೂಕವೂ ಎಂಟು ಪಟ್ಟು. ಚಲಿಸುವ ಕಾಲುಗಳ ಮೇಲೆ ನಿಂತ ಸಿಮ್ಯುಲೇಟರ್ ಕೂಡ ಕ್ಷಣಕಾಲದ ತಳ್ಳು ಕೊಡಬಲ್ಲುದೇ ಹೊರತು ಬಿಡದೆ ಒತ್ತುವ 8 ಜಿ ಕೊಡಲಾರದು. ಸುಮಾರು 5 ಕಿಲೊ ತೂಗುವ ತಲೆ, 2 ಕಿಲೊ ಹೆಲ್ಮೆಟ್ ಸೇರಿದರೆ 8 ಜಿ ತಿರುವಿನಲ್ಲಿ ಕುತ್ತಿಗೆಯ ಮೇಲೆ 56 ಕಿಲೊ ಭಾರ. ಸಿಮ್ಯುಲೇಟರಿನಲ್ಲಿ ಶಿಕ್ಷಣಾರ್ಥಿ ವಿಮಾನ ತಿರುಗಿಸುವ ಕಡ್ಡಿಯನ್ನು ಸರಕ್ಕನೆ ಎಳೆದು, ಎಳೆಯುತ್ತಲೇ ಕುತ್ತಿಗೆ ಹೊರಳಿಸಿ ಹಿಂದೆ ನೋಡಿ, ಒಳ್ಳೆಯ ಅಂಕ ಪಡೆಯುತ್ತಾನೆ. ವಿಮಾನದಲ್ಲಿ ಅದೇ ಅಭ್ಯಾಸ ಕುತ್ತಿಗೆಗೆ ಪೆಟ್ಟು ಕೊಡುತ್ತದೆ. ಕಾಲು ಹೊಟ್ಟೆ ಬಿಗಿಹಿಡಿದು ಉಸಿರು ಕಟ್ಟುವ ಕಸರತ್ತನ್ನು ಎಳೆಯುವ ಮೊದಲೇ ಶುರುಮಾಡದಿದ್ದರೆ ಪ್ರಜ್ಞೆಯೇ ತಪ್ಪಬಹುದು. ಆ ಒತ್ತಡಕ್ಕೆ ತಲೆಗೆ ರಕ್ತ ಏರದಾದಾಗ ಮಿದುಳಿನಲ್ಲಿ ಉಳಿದಿರುವ ಆಮ್ಲಜನಕ ಬರುವುದು 4ರಿಂದ 6 ಸೆಕೆಂಡು ಮಾತ್ರ. ಇದನ್ನು ಪತ್ತೆಹಚ್ಚಲು ದುಬಾರಿ ಸಾಧನ ಬೇಡ. ಮೊದಲ ಕೆಲವು ಹಾರಾಟಗಳ ಕಾಕ್‌ಪಿಟ್ ಧ್ವನಿಮುದ್ರಿಕೆಯಲ್ಲಿ ಉಸಿರಿನ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ಆ ಸದ್ದು ಜಿ ಏರುವ ಮೊದಲು ಬಂತೇ, ಆಮೇಲೆ ಬಂತೇ ಎಂದು ಎರಡೂ ಗುಂಪಿನಲ್ಲಿ ಹೋಲಿಸಿದರೆ ಸಾಕು. ಸಿಮ್ಯುಲೇಟರಿನಲ್ಲೂ ಉಸಿರು ಕಟ್ಟದೆ ಎಳೆದವರಿಗೆ ಅಂಕ ಕಳೆಯುವುದು ತಕ್ಷಣ ಮಾಡಬಹುದಾದ ತಿದ್ದುಪಡಿ.

ಕಣ್ಣಿನ ವಿಷಯವೂ ಹೀಗೆಯೇ. 15 ಮೀಟರ್ ಉದ್ದದ ವಿಮಾನ 5 ಕಿಲೊಮೀಟರ್ ದೂರದಲ್ಲಿ ಪಕ್ಕದಿಂದ ಕಂಡರೆ ಕಣ್ಣಿಗೆ ಸುಮಾರು 10 ಕಲೆಯಷ್ಟು, ಅಂದರೆ ಒಂದು ಡಿಗ್ರಿಯ ಆರನೇ ಒಂದು ಪಾಲಿನಷ್ಟು ಅಗಲ. ಆರೋಗ್ಯವಂತ ಕಣ್ಣು 1 ಕಲೆಯ ವಿವರ ಗುರುತಿಸುತ್ತದೆ. ಪರದೆಯ ಒಂದೊಂದು ಚುಕ್ಕೆ 3 ಕಲೆಯಷ್ಟಿದ್ದರೆ ಆ ವಿಮಾನ ಮೂರು ಚುಕ್ಕೆಯಾಗಿ ಕರಗಿಹೋಗುತ್ತದೆ. ಇದನ್ನು ಸರಿದೂಗಿಸಲು ದೂರದ ವಿಮಾನಗಳನ್ನು ಬೇಕೆಂದೇ ದೊಡ್ಡದಾಗಿ ತೋರಿಸುವ ಪದ್ಧತಿ ಇದೆ. ಆಗ ಶಿಕ್ಷಣಾರ್ಥಿಗೆ ದೂರದ ಅಂದಾಜೇ ತಪ್ಪಾಗಿ ಕೂರುತ್ತದೆ. ‘ಕಂಡಿತು’ ಎಂದು ರೇಡಿಯೊದಲ್ಲಿ ಹೇಳಿದ ಕ್ಷಣದಲ್ಲಿ ನಿಜವಾದ ದೂರ ಎಷ್ಟಿತ್ತು ಎಂಬುದನ್ನು ಎರಡೂ ಕಡೆ ದಾಖಲಿಸಿ ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ತಾನಾಗಿ ಕಾಣುತ್ತದೆ.

ಡೇಟಾ ಲಿಂಕ್ ಕಟ್ಟಿದ ಕಾಳಗದಲ್ಲಿ ಇನ್ನೊಂದು ತೊಡಕಿದೆ. ಅಂಕ ಕೊಡುವ ಮೊದಲು ಆ ಕಾಳಗ ಎರಡೂ ಕಡೆಯವರಿಗೆ ಒಂದೇ ಆಗಿತ್ತೇ ಎಂದು ನೋಡಬೇಕು. ಈ ಕ್ಷೇತ್ರದವರು ಇದನ್ನು ‘ಫೇರ್ ಫೈಟ್’ ಪ್ರಶ್ನೆ ಎನ್ನುತ್ತಾರೆ. ಸೆಕೆಂಡಿಗೆ 250 ಮೀಟರ್ ವೇಗದ ಎರಡು ವಿಮಾನ ಎದುರುಬದುರಾಗಿ ಬರುವಾಗ ಮಾಹಿತಿ ಅರ್ಧ ಸೆಕೆಂಡು ತಡವಾದರೆ ದೂರದಲ್ಲಿ 250 ಮೀಟರ್ ತಪ್ಪು. ಸಿಮ್ಯುಲೇಟರ್‌ಗಳನ್ನು ಜೋಡಿಸಲು ವ್ಯಾಪಕವಾಗಿ ಬಳಸುವ, ಐಇಇಇ ಎಂಬ ಎಂಜಿನಿಯರುಗಳ ಸಂಸ್ಥೆಯ 1278 ಮಾನದಂಡದಲ್ಲಿ ಪ್ರತಿಯೊಂದು ಯಂತ್ರವೂ ತನ್ನ ಸ್ಥಾನವನ್ನು ಎಡೆಬಿಡದೆ ಕಳಿಸುವುದಿಲ್ಲ. ಉಳಿದವರು ಹಿಂದಿನ ವೇಗ, ದಿಕ್ಕು ನೋಡಿ ಅಂದಾಜು ಮಾಡಿಕೊಳ್ಳುತ್ತಾರೆ. ಅಂದಾಜಿಗೂ ವಾಸ್ತವಕ್ಕೂ ಗೊತ್ತುಪಡಿಸಿದ ಅಂತರ ಬಂದಾಗ, ಇಲ್ಲವೇ ಸುಮಾರು 5 ಸೆಕೆಂಡಿಗೊಮ್ಮೆ, ಹೊಸ ಸಂದೇಶ ಹೋಗುತ್ತದೆ. ಸಂದೇಶವೊಂದು ಕಳೆದುಹೋದ ಹೊತ್ತಿನಲ್ಲೇ ಶತ್ರು ಚೂಪಾಗಿ ತಿರುಗಿದ್ದರೆ ಇನ್ನೊಬ್ಬನ ಪರದೆಯಲ್ಲಿ ಅವನು ನೇರ ಹೋಗುತ್ತಲೇ ಇದ್ದು, ಆಮೇಲೆ ಗಕ್ಕನೆ ಬೇರೆ ಕಡೆ ನೆಗೆಯುತ್ತಾನೆ. ಮೇಲಾಗಿ ಈ ವ್ಯವಸ್ಥೆಯಲ್ಲಿ ಕ್ಷಿಪಣಿ ಎಲ್ಲಿ ಸ್ಫೋಟಿಸಿತೆಂದು ಹೇಳುವುದು ಹೊಡೆದವನ ಯಂತ್ರ, ತನಗೆ ಎಷ್ಟು ಹಾನಿಯಾಯಿತೆಂದು ತೀರ್ಮಾನಿಸುವುದು ಗುರಿಯಾದವನ ಯಂತ್ರ. ಇಬ್ಬರ ಚಿತ್ರ ಬೇರೆಯಾದರೆ ಒಬ್ಬನ ಪಾಲಿಗೆ ಶತ್ರು ಸತ್ತ, ಇನ್ನೊಬ್ಬನ ಪಾಲಿಗೆ ಕ್ಷಿಪಣಿ ತಪ್ಪಿತು. ಇಂಥ ಕಾಳಗದ ಸೋಲು ಗೆಲುವಿನ ಮೇಲೆ ಪೈಲಟ್‌ಗೆ ಅಂಕ ಕೊಡುವುದು ಅನ್ಯಾಯ. ಎಲ್ಲ ದಾಖಲೆಗಳಿಗೂ ಜಿಪಿಎಸ್ ಸಮಯದ ಮುದ್ರೆ ಇರಬೇಕು. ಪ್ರತಿಯೊಂದು ಹೊಡೆತದ ಕ್ಷಣದಲ್ಲೂ ಎರಡೂ ಕಡೆ ದಾಖಲಾದ ಸ್ಥಾನಗಳ ವ್ಯತ್ಯಾಸ ತೆಗೆಯಬೇಕು. ಮೊದಲೇ ಒಪ್ಪಿಕೊಂಡ ಮಿತಿ ಮೀರಿದ ಹೊಡೆತಗಳನ್ನು ಲೆಕ್ಕದಿಂದ ಬಿಟ್ಟು, ಎಷ್ಟು ಬಿಟ್ಟೆವು ಎಂಬುದನ್ನೂ ವರದಿಯಲ್ಲಿ ಹೇಳಬೇಕು. ಗುಡ್ಡಬೆಟ್ಟಗಳ ನಕ್ಷೆ ಎರಡೂ ಕಡೆ ಒಂದೇ ಇದೆಯೇ ಎಂದೂ ನೋಡಬೇಕು. ಒಬ್ಬನಿಗೆ ಮರೆಯಾದ ಗುಡ್ಡ ಇನ್ನೊಬ್ಬನ ಜಗತ್ತಿನಲ್ಲಿ ಇಲ್ಲದಿರುವುದುಂಟು.

ಪರದೆಯಲ್ಲಿರುವ ಶತ್ರು ಕಿಟಕಿಯಾಚೆ ಇರುವುದಿಲ್ಲ ಎಂಬುದು ಸುರಕ್ಷತೆಯ ಪ್ರಶ್ನೆಯೂ ಹೌದು. ಇಲ್ಲದ ವಿಮಾನದ ಮೇಲೆ ಗಮನವಿಟ್ಟವನಿಗೆ ಪಕ್ಕದಲ್ಲಿರುವ ನಿಜ ವಿಮಾನ ಕಾಣದೆ ಹೋಗಬಹುದು. ಆದ್ದರಿಂದ ಕೃತಕ ಶತ್ರುಗಳನ್ನು ಕಣ್ಣಳತೆಗೆ ಹೊರಗಿನ ಕಾಳಗಕ್ಕೇ ಸೀಮಿತಗೊಳಿಸಿ, ಹತ್ತಿರ ಬರುವ ಮೊದಲೇ ತೆಗೆದುಹಾಕುವುದು ಲೇಸು. ‘ನಾಕ್ ಇಟ್ ಆಫ್’, ಅಂದರೆ ಕಾಳಗ ನಿಲ್ಲಿಸಿ, ಎಂಬ ಕರೆ ಬಂದೊಡನೆ ಕೃತಕ ಚಿತ್ರವೆಲ್ಲ ಪರದೆಯಿಂದ ಅಳಿಯಬೇಕು. ಅಳಿಯಲು ಎಷ್ಟು ಸೆಕೆಂಡು ಹಿಡಿಯಿತು, ಪೈಲಟ್ ಎಷ್ಟು ಹೊತ್ತು ತಲೆ ತಗ್ಗಿಸಿ ಪರದೆಯನ್ನೇ ನೋಡುತ್ತಿದ್ದ ಎಂಬುದೂ ಮೌಲ್ಯಮಾಪನದ ಭಾಗವಾಗಬೇಕು.

ಇನ್ನು ಅಂಕ ಕೊಡುವವರ ವಿಷಯ. ‘ಚೆನ್ನಾಗಿ ಹಾರಿಸಿದ’ ಎಂಬ ಬೋಧಕರ ಮಾತಿಗೆ ಮೊದಲು ಯಂತ್ರದ ದಾಖಲೆ ನೋಡಬೇಕು: ಎತ್ತರ ±100 ಅಡಿ, ವೇಗ ±10 ನಾಟ್ ಎಂದು ಮಿತಿ ಇಟ್ಟಿದ್ದರೆ ಶೇಕಡ ಎಷ್ಟು ಹೊತ್ತು ಅದರೊಳಗಿದ್ದ ಎಂಬುದನ್ನು. ನಿರ್ಧಾರ, ತಂಡದ ಮಾತುಕತೆ ಇಂಥವಕ್ಕೆ ಬೋಧಕರ ಕಣ್ಣೇ ಬೇಕು, ನಿಜ. ಆಗ ಇಬ್ಬರು ಬೋಧಕರು ಒಂದೇ ಮುದ್ರಿಕೆಯನ್ನು ಬೇರೆಬೇರೆಯಾಗಿ ನೋಡಿ ಅಂಕ ಕೊಡಲಿ. ಇಬ್ಬರ ಅಂಕ ಪದೇಪದೇ ದೂರವಾದರೆ ತಿದ್ದಬೇಕಾದದ್ದು ಅಂಕಪಟ್ಟಿಯನ್ನು, ಶಿಕ್ಷಣಾರ್ಥಿಯನ್ನಲ್ಲ. ಪರೀಕ್ಷಕರಿಗೆ ಯಾರು ಯಾವ ಗುಂಪಿನವರೆಂದು ಗೊತ್ತಿರಬಾರದು. ಹೊರಗಿನ ಸ್ಕ್ವಾಡ್ರನ್ನಿನಿಂದ ಕರೆಸಿದರೆ ಇದು ಸಾಧ್ಯ.

ಸಣ್ಣ ಗುಂಪುಗಳ ಲೆಕ್ಕದಲ್ಲಿ ಮೋಸಹೋಗುವುದು ಬಹಳ ಸುಲಭ. ಗುಂಪಿಗೆ 8 ಮಂದಿ, ಒಬ್ಬರಿಂದೊಬ್ಬರಿಗೆ ಇರುವ ಏರಿಳಿತ ಸುಮಾರು 2 ಗಂಟೆ ಎಂದಿಟ್ಟುಕೊಳ್ಳಿ. ಆಗ ಎರಡು ಗುಂಪಿನ ಸರಾಸರಿಗಳ ವ್ಯತ್ಯಾಸದಲ್ಲಿ 2 ಗಂಟೆಯಷ್ಟು ಆಚೀಚೆ ಬರೀ ಆಕಸ್ಮಿಕದಿಂದಲೇ ಬರಬಹುದು. ಒಂದೂವರೆ ಗಂಟೆ ಉಳಿಯಿತು ಎಂಬ ಹೆಮ್ಮೆಯ ಫಲಿತಾಂಶ ಇಲ್ಲಿ ಏನನ್ನೂ ಸಾಬೀತು ಮಾಡುವುದಿಲ್ಲ. ಹಿಂದಿನ ಹಾರಾಟದ ಅನುಭವ ನೋಡಿ ಜೋಡಿ ಮಾಡಿ, ಪ್ರತಿ ಜೋಡಿಯಲ್ಲೂ ಚೀಟಿ ಎತ್ತಿ ಗುಂಪಿಗೆ ಹಂಚಬೇಕು. ನಿಯಮ ಬದಲಿಸದೆ ಮೂರ್ನಾಲ್ಕು ಕೋರ್ಸುಗಳ ಅಂಕಿಗಳನ್ನು ಕೂಡಿಸಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂಬುದೂ ಇಲ್ಲೇ ಬರುತ್ತದೆ. ಅಮೆರಿಕದ ವಾಯುಪಡೆ 2018ರಲ್ಲಿ ಟೆಕ್ಸಾಸಿನ ಆಸ್ಟಿನ್‌ನಲ್ಲಿ ‘ಪೈಲಟ್ ಟ್ರೇನಿಂಗ್ ನೆಕ್ಸ್ಟ್’ ಎಂಬ ಪ್ರಯೋಗ ನಡೆಸಿ ಸುಮಾರು 6 ತಿಂಗಳಲ್ಲಿ ಮೊದಲ ತಂಡವನ್ನು ಹೊರತಂದಿತು. ಧೈರ್ಯದ ಹೆಜ್ಜೆಯೇ ಅದು. ಆದರೆ ವಿಆರ್ ಹೆಡ್‌ಸೆಟ್, ಬೇಕೆಂದಾಗ ಅಭ್ಯಾಸ ಮಾಡುವ ಅವಕಾಶ, ಒಬ್ಬೊಬ್ಬರಿಗೂ ಹೊಂದುವ ವೇಗ, ಬೋಧಕರ ನಿಕಟ ಗಮನ ಎಲ್ಲವೂ ಒಟ್ಟಿಗೇ ಬಂದಿದ್ದರಿಂದ ಯಾವುದರಿಂದ ಎಷ್ಟು ಫಲ ಎಂದು ಬಿಡಿಸಿ ಹೇಳುವುದು ಕಷ್ಟ.

ಶಿಕ್ಷಣಾರ್ಥಿಗಳ ಅಭಿಪ್ರಾಯ ಕೇಳಬಾರದೆಂದಲ್ಲ. ನಾಸಾದ ಟಿಎಲ್‌ಎಕ್ಸ್ ಎಂಬ, 1988ರಿಂದ ಬಳಕೆಯಲ್ಲಿರುವ ಪ್ರಶ್ನಾವಳಿ ಕೆಲಸದ ಹೊರೆಯನ್ನು ಆರು ಬಗೆಯಲ್ಲಿ ಕೇಳುತ್ತದೆ. ನೂರರ ಅಳತೆಯಲ್ಲಿ ಸಿಮ್ಯುಲೇಟರಿನ ಹೊರೆ 40, ಅದೇ ಕೆಲಸಕ್ಕೆ ವಿಮಾನದಲ್ಲಿ 75 ಬಂದರೆ ನೆಲದ ಮೇಲಿನ ಅಭ್ಯಾಸ ತೀರ ಹಗುರವಾಗಿತ್ತು ಎಂದು ತಿಳಿಯುತ್ತದೆ. ‘ತರಬೇತಿ ಇಷ್ಟವಾಯಿತೇ’ ಎಂಬ ಪ್ರಶ್ನೆಗೆ ಬರುವ ಹೊಗಳಿಕೆಯಿಂದ ಮಾತ್ರ ಏನೂ ತಿಳಿಯುವುದಿಲ್ಲ.

ಕಲಿತದ್ದು ಎಷ್ಟು ದಿನ ಉಳಿಯಿತು ಎಂಬ ಪರೀಕ್ಷೆಯೇ ಎಲ್ಲಕ್ಕಿಂತ ಹೆಚ್ಚಾಗಿ ಕೈಬಿಟ್ಟುಹೋಗುತ್ತದೆ. ಕಡ್ಡಿ ಹಿಡಿದು ವಿಮಾನ ನಡೆಸುವ ಕೈಚಳಕ ಬೇಗ ಮರೆಯುವುದಿಲ್ಲ; ಹಂತಹಂತದ ಕ್ರಮಗಳು, ಅಂದರೆ ಸಿಮ್ಯುಲೇಟರಿನಲ್ಲಿ ಅತಿ ಚೆನ್ನಾಗಿ ಕಲಿಸಬಹುದಾದವೇ, ಬೇಗ ಮಾಸುತ್ತವೆ. ಕೋರ್ಸ್ ಮುಗಿದ ದಿನ ಎರಡೂ ಗುಂಪು ಸಮವಾಗಿದ್ದು, 90ನೇ ದಿನ ಒಂದು ಗುಂಪು ಹಿಂದೆ ಬಿದ್ದಿರಬಹುದು. ಹಾಗಾಗಿ 30, 60, 90ನೇ ದಿನ ಅದೇ ಪರೀಕ್ಷೆಯನ್ನು ವಿಮಾನದಲ್ಲಿ ಮತ್ತೆ ನಡೆಸಬೇಕು. 16 ಮಂದಿಗೆ ಮೂರು ಸಲವೆಂದರೆ 48 ಹಾರಾಟ. ಬಜೆಟ್ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದು ಇವುಗಳಿಗೇ. ಆದ್ದರಿಂದ ಸಿಮ್ಯುಲೇಟರ್ ಕೊಳ್ಳುವ ಒಪ್ಪಂದಕ್ಕೆ ಸಹಿ ಬೀಳುವ ದಿನವೇ ಈ 48 ಹಾರಾಟಗಳ ಹಣವನ್ನೂ ವಿಮಾನಗಳನ್ನೂ ಬೇರೆ ತೆಗೆದಿರಿಸಬೇಕು.

ಇಂತಿ,
ಹಾರಾಟ ತರಬೇತಿಯ ಮೌಲ್ಯಮಾಪನದಲ್ಲಿ ತೊಡಗಿರುವ ಓದುಗರು